ಮೂರು ಮಳೆಗಾಲ ಕಂಡ ಸೋಲಾರ್ ಪ್ಯಾನೆಲ್, ಪವರ್ ಬ್ಯಾಂಕ್: ಬಳಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಮೇಲಿದ್ದ "ಸೋಲಾರ್" ಅನ್ನೋ ಪದಕ್ಕೆ ಮರುಳಾಗಿ ನಾನು ಇದನ್ನು ಕೊಂಡೆ. ಈಗ ಯಾರಾದರೂ ಕೇಳಿದರೆ ಪವರ್ ಬ್ಯಾಂಕನ್ನು ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಪ್ಯಾನೆಲ್ ವಿಷಯಕ್ಕೆ ಬಂದರೆ, ಸ್ವಲ್ಪ ಕೂತ್ಕೊಳ್ಳಿ, ಕಾಫಿ ಕುಡಿತಾ ಮಾತಾಡೋಣ ಅನ್ನುತ್ತೇನೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಗೂ ಆಗುಂಬೆಗೂ ನಡುವೆ, ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಮಳೆ. ನಮ್ಮ ಕಡೆ ಅಷ್ಟಿಲ್ಲ, ಆದರೂ ಕರೆಂಟು ಕಂಬಕ್ಕೆ ಅಡ್ಡ ಬೀಳಲು ಕಾದು ನಿಂತ ಮರಗಳಿಗೇನೂ ಬರವಿಲ್ಲ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಅದು ಒಂದು ದಿನ ಎಳೆಯುತ್ತದೆ. ಎರಡನೇ ದಿನ ಕೂಗಿಕೊಳ್ಳುತ್ತದೆ. ಮೂರನೇ ದಿನ ಸುಮ್ನಾಗುತ್ತದೆ. ಆ ಮೂರನೇ ದಿನಕ್ಕೆ ಅಂತಲೇ ಈ ಖರೀದಿ.

2022ರ ಏಪ್ರಿಲ್‌ನಲ್ಲಿ ಬಂದಿದ್ದು ಎರಡು ಸಾಮಾನು. ಮೂರು ಮಡಿಕೆಯ 21 ವ್ಯಾಟ್ ಸೋಲಾರ್ ಪ್ಯಾನೆಲ್ ಒಂದು. ಮಡಚಿದರೆ ದೊಡ್ಡ ನೋಟ್‌ಬುಕ್ಕಿನಷ್ಟು. 20,000 ಎಂಎಎಚ್ ಪವರ್ ಬ್ಯಾಂಕ್ ಇನ್ನೊಂದು. ಎರಡೂ ಸೇರಿ ಆರು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಪ್ಯಾನೆಲ್‌ಗಳು ಹತ್ತಾರು ಹೆಸರಲ್ಲಿ ಬರುತ್ತವೆ, ಒಳಗಿನ ಹೂರಣ ಹೆಚ್ಚುಕಮ್ಮಿ ಒಂದೇ. ಇವೆರಡರ ಜೊತೆ ನಾನೂರು ರೂಪಾಯಿಗೆ ಒಂದು ಯುಎಸ್‌ಬಿ ಮೀಟರ್ ತರಿಸಿದೆ. ಎಷ್ಟು ಕರೆಂಟು ಹೋಗ್ತಿದೆ, ಎಷ್ಟು ಬರ್ತಿದೆ ಅಂತ ತೋರಿಸುವ ಬೆರಳುದ್ದದ ಸಾಧನ. ಇಲ್ಲಿ ಬರೆದ ಅಂಕಿಗಳೆಲ್ಲ ಅದು ತೋರಿಸಿದ್ದೇ.

20,000 ಅಂದರೆ ಎಷ್ಟು ಅನ್ನೋದರಲ್ಲೇ ಜಾಸ್ತಿ ಜನ ಬೇಸ್ತು ಬೀಳುತ್ತಾರೆ. ಆ 20,000 ಎಂಎಎಚ್ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದ್ದು. ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್ ಅವರ್, ಅಂದರೆ ಒಂದು ವ್ಯಾಟ್ ಎಳೆಯುವ ಸಾಮಾನು 74 ಗಂಟೆ ಓಡುವಷ್ಟು. ಹೊರಗೆ ಬರುವುದು 5 ವೋಲ್ಟಿನಲ್ಲಿ, ದಾರಿಯಲ್ಲಿ ಒಂದಿಷ್ಟು ಶಾಖವಾಗಿ ಸೋರುತ್ತದೆ. ಹೊಸದಿದ್ದಾಗ ನನ್ನ ಮೀಟರಿಗೆ ಸಿಕ್ಕಿದ್ದು 62 ವ್ಯಾಟ್ ಅವರ್. ಈಗಿನ 5,000 ಎಂಎಎಚ್ ಮೊಬೈಲಿಗೆ ಸುಮಾರು 19 ಬೇಕು. ಅಂದರೆ ಮೂರು ಸಲ ತುಂಬಬಹುದು. ನಾಲ್ಕು ಸಲ ಅನ್ನೋದು ಜಾಹೀರಾತಿನ ಮಾತು. ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ. ಅದು ಬಚ್ಚಲ ಹಂಡೆ ಆದರೆ ಇದು ತಂಬಿಗೆ. ತಂಬಿಗೆಯಿಂದ ಸ್ನಾನ ಮಾಡಲು ಹೋಗಬಾರದು, ಕುಡಿಯಲು ಸಾಕು.

ಇನ್ನು ಪ್ಯಾನೆಲ್. 21 ವ್ಯಾಟ್ ಅನ್ನುವುದು ಪ್ರಯೋಗಶಾಲೆಯ ಅಂಕಿ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಸೆಲ್ 25 ಡಿಗ್ರಿ ತಣ್ಣಗಿರಬೇಕು. ಅಷ್ಟು ಬಿಸಿಲು ಬಿದ್ದೂ ಸೆಲ್ ತಣ್ಣಗಿರುವುದು ಎಲ್ಲಿಯ ಮಾತು? ನನಗೆ ಸಿಕ್ಕ ಅತಿ ಹೆಚ್ಚು ಅಂದರೆ ಜನವರಿಯ ಒಂದು ಬೆಳಿಗ್ಗೆ ಹನ್ನೊಂದಕ್ಕೆ, 13 ವ್ಯಾಟ್. ಮೇ ತಿಂಗಳ ಸುಡುಬಿಸಿಲಿನಲ್ಲಿ ಇನ್ನೂ ಜಾಸ್ತಿ ಬರಬಹುದು ಅಂದುಕೊಂಡಿದ್ದೆ. ಬಂದಿದ್ದು 11. ಪ್ಯಾನೆಲ್ ಕಾದಷ್ಟೂ ಕರೆಂಟು ಕಮ್ಮಿ. ಖಾಲಿ ಪವರ್ ಬ್ಯಾಂಕ್ ತುಂಬಲು ಒಳ್ಳೆ ಬಿಸಿಲಿನಲ್ಲೂ ನನಗೆ ಎರಡು ದಿನ ಹಿಡಿಯಿತು. ನಮ್ಮಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಮಂಜು, ನಾಲ್ಕಕ್ಕೆಲ್ಲ ಗುಡ್ಡದ ನೆರಳು. ಬಯಲುಸೀಮೆಯವರಿಗೆ ಒಂದೇ ದಿನ ಸಾಕಾಗಬಹುದು.

ಅಡಿಕೆ ಸುಗ್ಗಿಯಲ್ಲಿ ಒಂದು ಪಾಠ ಕಲಿತೆ. ಬೇಯಿಸಿದ ಅಡಿಕೆ ಒಣಗಿಸುವ ಚಪ್ಪರಕ್ಕಿಂತ ಒಳ್ಳೆ ಬಿಸಿಲು ಮನೆಯಲ್ಲಿ ಇನ್ನೆಲ್ಲಿದೆ ಅಂತ ತಟ್ಟಿಯ ಪಕ್ಕದಲ್ಲೇ ಪ್ಯಾನೆಲ್ ಹಾಸಿದ್ದೆ. ಮೀಟರ್ 2.4 ಆಂಪಿಯರ್, ಅಂದರೆ ಸುಮಾರು 12 ವ್ಯಾಟ್ ತೋರಿಸುತ್ತಿತ್ತು. ಚೊಗರು ಬಳಿದುಕೊಂಡ ಕೈ ತೊಳೆದು ಬರುವಷ್ಟರಲ್ಲಿ 0.5ಕ್ಕೆ ಇಳಿದಿದೆ. ಮೋಡ ಇಲ್ಲ. ಬಗ್ಗಿ ನೋಡಿದರೆ, ತೋಟದ ಅಂಚಿನ ಮರದ ಒಂದೇ ಒಂದು ಸೋಗೆಯ ನೆರಳು ಪ್ಯಾನೆಲ್ಲಿನ ಮೂಲೆ ಮೇಲೆ ಬಿದ್ದಿತ್ತು. ಅಂಗೈಯಷ್ಟು ನೆರಳು. ಒಳಗಿನ ಸೆಲ್‌ಗಳು ಸರದ ಮಣಿಯಂತೆ ಒಂದಕ್ಕೊಂದು ಪೋಣಿಸಿದಂಥವು. ಒಂದು ಸೆಲ್ ಮಂಕಾದರೆ ಇಡೀ ಸರಕ್ಕೇ ತಡೆ. ಅಂದಿನಿಂದ ಇಟ್ಟು ಮರೆಯುವುದನ್ನು ಬಿಟ್ಟೆ. ಅಡಿಕೆಗೆ ಕೈಯಾಡಿಸಲು ಹೋದಾಗಲೆಲ್ಲ ಇದನ್ನೂ ಒಂದಿಷ್ಟು ತಿರುಗಿಸಿ ಬರುತ್ತೇನೆ.

ದಿಕ್ಕಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ವಿಡಿಯೋಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಅನ್ನುತ್ತಾರೆ. ಚಳಿಗಾಲಕ್ಕೆ ಅದು ಸರಿ. ಆದರೆ ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಸುಲಭದ ಉಪಾಯ ಇದೆ. ಒಂದು ಪೆನ್ನನ್ನು ಪ್ಯಾನೆಲ್ ಮೇಲೆ ನೆಟ್ಟಗೆ ನಿಲ್ಲಿಸಿ. ಅದರ ನೆರಳು ಪೂರ್ತಿ ಮಾಯವಾಗುವವರೆಗೆ ಪ್ಯಾನೆಲ್ ಓರೆ ಮಾಡಿ. ಆಯಿತು, ಸೂರ್ಯನಿಗೆ ಎದುರಾಗಿದ್ದೀರಿ.

ಮೊಬೈಲನ್ನು ನೇರ ಪ್ಯಾನೆಲ್ಲಿಗೆ ಚುಚ್ಚಬೇಡಿ. ಮೋಡ ಒಮ್ಮೆ ಬಂದು ಹೋದರೆ ಎಷ್ಟೋ ಫೋನುಗಳು ನಿಧಾನದ ಚಾರ್ಜಿಂಗಿಗೆ ಇಳಿದು ಅಲ್ಲೇ ಕೂತುಬಿಡುತ್ತವೆ. ವೈರು ಕಿತ್ತು ಮತ್ತೆ ಚುಚ್ಚಿದರೇ ಮೇಲೇಳುವುದು. ಮೋಡ ಆಟ ಆಡುವ ದಿನವಂತೂ ಟಿಂಗ್ ಟಿಂಗ್ ಅಂತ ಪರದೆ ಹತ್ತಿ ಆರಿ, ಬಂದ ಚಾರ್ಜು ಅದಕ್ಕೇ ಸಮ. ಬಿಸಿಲು ಪವರ್ ಬ್ಯಾಂಕಿಗೆ, ಪವರ್ ಬ್ಯಾಂಕು ಮೊಬೈಲಿಗೆ. ಇದೇ ಸರಿಯಾದ ಕ್ರಮ. ಪ್ಯಾನೆಲ್ಲಿನ ಹಿಂದೆ ಒಂದು ಜೇಬು ಹೊಲಿದಿರುತ್ತಾರೆ ನೋಡಿ, ಪವರ್ ಬ್ಯಾಂಕನ್ನು ಅದರೊಳಗೂ ಇಡಬಾರದು. ಮೊದಲ ಬೇಸಿಗೆಯಲ್ಲಿ ಇಟ್ಟಿದ್ದೆ. ಮಧ್ಯಾಹ್ನ ತೆಗೆದರೆ ದೋಸೆ ಕಾವಲಿ ಮುಟ್ಟಿದ ಹಾಗೆ, ಚಾರ್ಜಿಂಗ್ ತಾನಾಗಿಯೇ ನಿಂತಿತ್ತು. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದ ಮೇಲೆ ಚಾರ್ಜು ತುಂಬಬಾರದು. ನಿಂತಿದ್ದು ಒಳ್ಳೆಯದೇ ಆಯಿತು. ಈಗ ಮಾರುದ್ದದ ವೈರು ಹಾಕಿ ಬ್ಯಾಂಕನ್ನು ನೆರಳಲ್ಲಿ, ಹೆಂಚಿನ ಕೆಳಗೆ ಇಡುತ್ತೇನೆ. ಅದಕ್ಕಿಂತ ಉದ್ದದ ತೆಳು ವೈರಿನಲ್ಲಿ ವೋಲ್ಟೇಜು ಸೋರುತ್ತದೆ.

ಈಗ ಅಸಲಿ ಪರೀಕ್ಷೆಗೆ ಬರೋಣ. 2023 ಮಳೆ ಕೈಕೊಟ್ಟ ವರ್ಷ, ಚಾರ್ಜರಿಗೂ ಕೆಲಸ ಇರಲಿಲ್ಲ. 2024ರ ಜುಲೈ ಬಾಕಿ ಎಲ್ಲ ತೀರಿಸಿತು. ಪುನರ್ವಸು ಮಳೆ. ಸೋಮವಾರ ರಾತ್ರಿ ಹೋದ ಕರೆಂಟು ಬಂದಿದ್ದು ಶುಕ್ರವಾರ ಸಂಜೆ. ನಾಲ್ಕು ದಿನದಲ್ಲಿ ಪ್ಯಾನೆಲ್ ಕೊಟ್ಟಿದ್ದೇನು ಗೊತ್ತಾ? ಜಗಲಿ ಕಟ್ಟೆ ಮೇಲೆ ಬಿಚ್ಚಿಟ್ಟರೆ 0.2 ಆಂಪಿಯರ್. ಬರೀ ಒಂದು ವ್ಯಾಟ್. ಬೆಳಗಿಂದ ಸಂಜೆವರೆಗೆ ಕಾದರೆ ಅಪ್ಪಯ್ಯನ ಕೀಪ್ಯಾಡ್ ಮೊಬೈಲು ಒಂದು ಸಲ ತುಂಬುವಷ್ಟು. ಬುಧವಾರ ಮಧ್ಯಾಹ್ನ ಅರ್ಧ ಗಂಟೆ ಮಳೆ ಹೊಳವಾಯಿತು. ಓಡಿಹೋಗಿ ಅಂಗಳದಲ್ಲಿ ಹಾಸಿದೆ, 7 ವ್ಯಾಟ್ ತೋರಿಸಿತು, ಮತ್ತೆ ಕವಿಯಿತು. ಕರೆಂಟು ಹೋಗುವುದು ಜಡಿಮಳೆಯಲ್ಲಿ, ಜಡಿಮಳೆಯಲ್ಲಿ ಬಿಸಿಲಿಲ್ಲ. ಮಲೆನಾಡಿನವನಾಗಿ ಕೊಳ್ಳುವ ಮೊದಲೇ ಇದು ಹೊಳೆಯಬೇಕಿತ್ತು, ಅಲ್ವಾ?

ಆ ನಾಲ್ಕು ದಿನ ನಡೆದಿದ್ದು ಭಾನುವಾರ ಗೋಡೆಯ ಪ್ಲಗ್ಗಿಗೆ ಹಾಕಿ ತುಂಬಿಸಿಟ್ಟ ಪವರ್ ಬ್ಯಾಂಕಿನಿಂದ. ನನ್ನ ಮೊಬೈಲನ್ನು ದಿನಕ್ಕೆ ಎರಡು ಹೊತ್ತು ಮಾತ್ರ ಆನ್ ಮಾಡುತ್ತಿದ್ದೆ. ಸಿಗ್ನಲ್ ಇಲ್ಲದ ಕಡೆ ಅದು ಟವರ್ ಹುಡುಕುತ್ತಲೇ ಅರ್ಧ ಚಾರ್ಜು ತಿಂದುಹಾಕುತ್ತದೆ. 5 ವ್ಯಾಟಿನ ಯುಎಸ್‌ಬಿ ಬಲ್ಬು ರಾತ್ರಿ ಊಟದ ಹೊತ್ತಿಗೆ ಒಂದು ಗಂಟೆ. ವೈಫೈ ರೂಟರಿಗೆ 5 ವೋಲ್ಟನ್ನು 12ಕ್ಕೆ ಏರಿಸುವ ವೈರು ತಂದಿಟ್ಟಿದ್ದೆ. ಅದು ಏಳು ವ್ಯಾಟ್ ಎಳೆಯುತ್ತದೆ, ಬ್ಯಾಂಕು ತುಂಬಿದ್ದರೆ ಎಂಟೂವರೆ ಗಂಟೆ ಓಡಬೇಕು. ಚಿಕ್ಕಪುಟ್ಟ ಪವರ್ ಕಟ್ಟಿಗೆ ಚೆನ್ನಾಗಿಯೇ ಓಡಿದೆ. ಆದರೆ ನಮ್ಮಲ್ಲಿ ಫೈಬರ್ ಎಳೆದಿರುವುದೂ ಕರೆಂಟು ಕಂಬದ ಮೇಲೇ. ಮರ ಬಿದ್ದರೆ ಎರಡೂ ಒಟ್ಟಿಗೆ ಮಲಗುತ್ತವೆ.

ಎರಡನೇ ದಿನ ಬೆಳಿಗ್ಗೆ ಅಪ್ಪಯ್ಯ ಕಾಫಿಗೆ ಬಂದು ಕೂತರು. ನಾನು ಏನೋ ಕೇಳಿದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. "ಮೆಷಿನ್ನು ಸತ್ತಿದೆ ಕಣೋ, ರಾತ್ರಿ ನೀನೇ ಚಾರ್ಜಿಗಿಟ್ಟೆ ಅಂದೆಯಲ್ಲ" ಅಂದರು. ಇಟ್ಟಿದ್ದು ನಿಜ. ಅವರ ಕಿವಿ ಮೆಷಿನ್ನಿನ ಡಬ್ಬಿಯನ್ನು ಪವರ್ ಬ್ಯಾಂಕಿಗೆ ಚುಚ್ಚಿ, ದೀಪ ಹತ್ತಿದ್ದು ನೋಡಿಯೇ ಮಲಗಿದ್ದೆ. ಆಮೇಲೆ ಮೀಟರ್ ಹಾಕಿ ಕಾದು ನೋಡಿದೆ. ಅರ್ಧ ನಿಮಿಷಕ್ಕೆ ಬ್ಯಾಂಕು ಕಣ್ಣು ಮುಚ್ಚಿತು. ಡಬ್ಬಿ ಎಳೆಯುವ ಕರೆಂಟು ತೀರಾ ಕಮ್ಮಿ. ಇದಕ್ಕೆ ಏನೂ ಚುಚ್ಚಿಲ್ಲ ಅಂತ ಬ್ಯಾಂಕು ತಾನೇ ಆಫ್ ಆಗುತ್ತದೆ. ಬಟನ್ ಎರಡು ಸಲ ಒತ್ತಿದರೆ ಸಣ್ಣ ಉಪಕರಣಗಳಿಗೆ ಅಂತ ಬೇರೆ ಕ್ರಮ ಇದೆ, ಎರಡು ಗಂಟೆ ಎಚ್ಚರ ಇರುತ್ತದೆ. ಈ ಸಂಗತಿ ಕೈಪಿಡಿಯ ಕೊನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಇಯರ್‌ಫೋನ್, ವಾಚು, ಕಿವಿ ಮೆಷಿನ್ನು ಇರುವವರು ಕೊಳ್ಳುವ ಮೊದಲು ಇದೊಂದನ್ನು ಖಂಡಿತ ಕೇಳಿ. ಎಲ್ಲ ಪವರ್ ಬ್ಯಾಂಕಿನಲ್ಲೂ ಈ ಸೌಲಭ್ಯ ಇರುವುದಿಲ್ಲ.

ಚಾರಣಕ್ಕೂ ಒಯ್ದಿದ್ದೇನೆ. ಅಕ್ಕನ ಮಗನ ಜೊತೆ ಕುದುರೆಮುಖ ಹತ್ತಿದಾಗ ಪ್ಯಾನೆಲ್ಲನ್ನು ಬ್ಯಾಗಿನ ಬೆನ್ನಿಗೆ ತೂಗುಹಾಕಿದ್ದೆ. ಫೋಟೋದಲ್ಲಿ ಭಾರೀ ಚೆನ್ನಾಗಿ ಬಂದಿದೆ. ಶೋಲಾ ಕಾಡಿನೊಳಗೆ ಕತ್ತಲು, ಹುಲ್ಲುಗುಡ್ಡದ ಮೇಲೆ ಬೆನ್ನು ಯಾವ ಕಡೆಗಿದೆಯೋ ಆ ಕಡೆ ಬಿಸಿಲಿಲ್ಲ. ಇಡೀ ದಿನಕ್ಕೆ ಸಿಕ್ಕಿದ್ದು ಮೊಬೈಲಿನ ಕಾಲು ಭಾಗ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಚಾರಣಕ್ಕೆ ಇದರ ಭಾರ ದಂಡ, ಪವರ್ ಬ್ಯಾಂಕೊಂದೇ ಸಾಕು. ಒಂದೇ ಕಡೆ ಎರಡು ಮೂರು ದಿನ ಟೆಂಟು ಹಾಕುವವರಿಗಾದರೆ ಪ್ಯಾನೆಲ್ ಕೆಲಸಕ್ಕೆ ಬರುತ್ತದೆ.

ಅಕ್ಕನ ಮಗನ ಬಳಿ ಇದ್ದಿದ್ದು ಬೆನ್ನ ಮೇಲೇ ಪುಟ್ಟ ಸೋಲಾರ್ ಅಂಟಿಸಿದ ಪವರ್ ಬ್ಯಾಂಕು. "ಮಾವ, ಬೆಂಗಳೂರಲ್ಲಿ ಕಿಟಕಿ ಹತ್ರ ಇಟ್ಟಿರ್ತೀನಿ, ಹಸಿರು ದೀಪ ಹತ್ತುತ್ತೆ" ಅಂದ. ದೀಪ ಹತ್ತುತ್ತದೆ ಮಾರಾಯ, ಹೊಟ್ಟೆ ತುಂಬಬೇಕಲ್ಲ. ಆ ಪಟ್ಟಿ ಒಂದೂವರೆ ವ್ಯಾಟಿನದು. ನನ್ನ ಬ್ಯಾಂಕಿನ 74 ವ್ಯಾಟ್ ಅವರ್ ಲೆಕ್ಕ ಹಿಡಿದು ಒಂದೂವರೆಯಿಂದ ಭಾಗಿಸಿದರೆ ಸುಮಾರು 50 ಗಂಟೆ. ಅದೂ ಒಂಚೂರೂ ಸೋರಿಕೆ ಇಲ್ಲದೆ, ನೆತ್ತಿ ಬಿಸಿಲಿನಲ್ಲಿ. ಕಿಟಕಿ ಗಾಜಿನ ಹಿಂದೆ ಅಂದರೆ ಯುಗಾದಿಗೆ ಇಟ್ಟು ದೀಪಾವಳಿಗೆ ತೆಗೆಯಬೇಕು. ಈ ಬಗೆಯದನ್ನು ದಯವಿಟ್ಟು ಕೊಳ್ಳಬೇಡಿ.

ಬಾಳಿಕೆ ಹೇಗಿದೆ? ಪವರ್ ಬ್ಯಾಂಕು ಈಗ 51 ವ್ಯಾಟ್ ಅವರ್ ಕೊಡುತ್ತಿದೆ. ಹೊಸದರ ಹತ್ತರಲ್ಲಿ ಎಂಟು ಪಾಲು. ಊದಿಲ್ಲ, ಬಿರಿದಿಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಅರ್ಧದಷ್ಟೇ ತುಂಬಿಸಿ ಇಡುತ್ತೇನೆ, ಸದಾ ಪೂರ್ತಿ ತುಂಬಿದ್ದರೆ ಬೇಗ ಮುಪ್ಪಾಗುತ್ತದೆ. ಪ್ಯಾನೆಲ್ಲಿನ ಕಥೆ ಬೇರೆ. ಎರಡನೇ ಮಳೆಗಾಲಕ್ಕೆ ಬಟ್ಟೆಗೆ ಬೂಸ್ಟು ಹಿಡಿಯಿತು. ಒಂದು ಮಡಿಕೆಯ ಪ್ಲಾಸ್ಟಿಕ್ ಪದರ ಗುಳ್ಳೆ ಎದ್ದು ಹಳದಿ ತಿರುಗಿದೆ. ಯುಎಸ್‌ಬಿ ಬಾಯಲ್ಲಿ ಹಸಿರು ಕಿಲುಬು. ಬಿಸಿಲಿಗಿಟ್ಟ ವೈರನ್ನು ಒಮ್ಮೆ ಮಂಗ ಕಿತ್ತುಕೊಂಡು ಹಲಸಿನ ಮರ ಹತ್ತಿತ್ತು, ಅದಕ್ಕೆ ತಯಾರಕರನ್ನು ಬೈಯಲಾಗದು. ಗುಳ್ಳೆಗೆ ಬೈದೆ. ವಾರಂಟಿ ಒಂದು ವರ್ಷದ್ದು, ಗುಳ್ಳೆ ಎದ್ದಿದ್ದು ಹದಿನಾಲ್ಕನೇ ತಿಂಗಳು. ಮೂರು ಮಿಂಚಂಚೆ ಬರೆದ ಮೇಲೆ "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ಉತ್ತರ ಬಂತು. ಈಗ ಅದರಿಂದ 9 ವ್ಯಾಟ್ ಬಂದರೆ ಹೆಚ್ಚು. ಮತ್ತೆ ಕೊಳ್ಳುವುದಾದರೆ ಮೇಲ್ಪದರ ಇಟಿಎಫ್‌ಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಅಂತ ಬರೆದಿದ್ದನ್ನೇ ಹುಡುಕುತ್ತೇನೆ. ಸ್ವಲ್ಪ ದುಬಾರಿ, ಆದರೆ ಬಿಸಿಲು ಮಳೆಗೆ ಬೇಗ ಹಾಳಾಗುವುದಿಲ್ಲ. ಪವರ್ ಬ್ಯಾಂಕಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ. ವಿಮಾನದಲ್ಲಿ 100 ವ್ಯಾಟ್ ಅವರ್ ಒಳಗಿನದನ್ನು ಒಯ್ಯಬಹುದು, ಆದರೆ ಕೈಚೀಲದಲ್ಲೇ ಇರಬೇಕು.

ಅಂಕ ಕೊಡಿ ಅಂದರೆ ಪವರ್ ಬ್ಯಾಂಕಿಗೆ ಐದರಲ್ಲಿ ನಾಲ್ಕೂವರೆ. ಪ್ಯಾನೆಲ್ಲಿಗೆ ಎರಡೂವರೆ, ಬಳ್ಳಾರಿ ರಾಯಚೂರಿನ ಕಡೆ ಇದ್ದಿದ್ದರೆ ಮೂರೂವರೆ ಕೊಡುತ್ತಿದ್ದೆನೇನೋ. ಪ್ಯಾನೆಲ್ ದುಡ್ಡಿಗೆ ಅಂಥದ್ದೇ ಇನ್ನೆರಡು ಪವರ್ ಬ್ಯಾಂಕು ಬರುತ್ತಿತ್ತು. ಈ ಸಲ ಒಂದನ್ನು ತರಿಸಿದೆ. ಆರಿದ್ರಾ ಹತ್ತಿರ ಬಂದಿದೆ. ಅಪ್ಪಯ್ಯ ಸಂಜೆ ದೇವರ ದೀಪ ಹಚ್ಚಿ ಬಂದವರೇ ಎರಡೂ ಬ್ಯಾಂಕಿನ ಬಟನ್ ಒತ್ತಿ ನೋಡುತ್ತಾರೆ. "ಇದರಲ್ಲಿ ಮೂರೇ ಚುಕ್ಕಿ ಇದೆಯಲ್ಲೋ" ಅಂತ ನಿನ್ನೆ ಎಬ್ಬಿಸಿ ಚಾರ್ಜಿಗೆ ಹಾಕಿಸಿದರು.