ಗಾಡಿ ಸವಾರಿ, ಗರಗಸ, ರೀತ್: ಕ್ರಿಸ್ಮಸ್ ಮರದ ತೋಟದಲ್ಲಿ ಯಾವುದಕ್ಕೆ ಸಮಯ ಕೊಡಬೇಕು?

ನಾವಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ದಸರಾ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಹೊತ್ತಿಗೇ ಮಗಳು "ಮರ ತರೋಕೆ ಯಾವಾಗ ಹೋಗೋದಮ್ಮಾ?" ಎಂದು ಶುರು ಮಾಡುತ್ತಾಳೆ. ಮೂರು ವರ್ಷದಿಂದ ಆಶ್ ಕೌಂಟಿಯ ಒಂದೇ ತೋಟಕ್ಕೆ ಹೋಗುತ್ತಿದ್ದೇವೆ. ಗಂಡ ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಸೇರಿ ನಡೆಸುವ ಸಣ್ಣ ತೋಟ ಅದು. ಕಾರಿನಲ್ಲಿ ಒಂದು ಕಡೆಗೇ ಸುಮಾರು ಮೂರು ಗಂಟೆ ಬೇಕು. ಡಿಸೆಂಬರಿನಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ತೋಟದಲ್ಲಿ ಕಳೆಯಲು ಸಿಗುವುದು ಎರಡು, ಎರಡೂವರೆ ಗಂಟೆ ಅಷ್ಟೇ. ಇರುವುದನ್ನೆಲ್ಲ ಒಂದೇ ದಿನ ಮಾಡಲು ಆಗುವುದಿಲ್ಲ, ಆರಿಸಿಕೊಳ್ಳಲೇಬೇಕು.

ಅಷ್ಟು ದೂರ ಯಾಕೆ ಅಂದರೆ, ಫ್ರೇಜರ್ ಫರ್ ಮರಕ್ಕಾಗಿ. ಅದು ಬ್ಲೂ ರಿಜ್ ಬೆಟ್ಟಗಳ ಎತ್ತರ, ತಂಪು ಬೇಡುವ ಮರ. ನಮ್ಮ ಕಡೆಯ ತಗ್ಗಿನಲ್ಲಿ ಚೆನ್ನಾಗಿ ಬರುವುದಿಲ್ಲ. ಇಲ್ಲಿನ ತೋಟಗಳಲ್ಲಿ ಲೇಲ್ಯಾಂಡ್ ಸೈಪ್ರೆಸ್, ರೆಡ್ ಸೀಡರ್ ಬೆಳೆಯುತ್ತಾರೆ. ಸೈಪ್ರೆಸ್ ನೋಡಲು ಚೆಂದವೇ, ಆದರೆ ಘಮ ಇಲ್ಲ. ಫ್ರೇಜರ್ ಮನೆಗೆ ಬಂದರೆ ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ.

ಮೊದಲು ಟ್ರ್ಯಾಕ್ಟರ್ ಗಾಡಿ. ಟ್ರೈಲರಿನಲ್ಲಿ ಒಣಹುಲ್ಲಿನ ಪಿಂಡಿಗಳನ್ನು ಜೋಡಿಸಿ, ಅದರ ಮೇಲೆ ಕೂರಿಸಿಕೊಂಡು ತೋಟದ ಸುತ್ತ ಒಂದು ಸುತ್ತು ಹಾಕಿಸುತ್ತಾರೆ. ಮೊದಲ ವರ್ಷ ಮಗನಿಗೆ ನಾಲ್ಕು ವರ್ಷ. ಅವನಿಗೆ ಸ್ವರ್ಗವೇ ಸಿಕ್ಕಂತಾಯಿತು. ಎರಡನೇ ವರ್ಷ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರವೇ ಹೋದೆವು. ಸಾಲಿನಲ್ಲಿ ಐವತ್ತು ನಿಮಿಷ ನಿಂತು, ಹನ್ನೆರಡು ನಿಮಿಷ ಕೂತೆವು. ಚಳಿಗೆ ಅವನ ಮೂಗು ಕೆಂಪಾಗಿ ಅಳು ಶುರುವಾಯಿತು. ಐದು ವರ್ಷದೊಳಗಿನ ಮಕ್ಕಳಿದ್ದು ಸಾಲು ಚಿಕ್ಕದಿದ್ದರೆ ಹತ್ತಿ. ಇಲ್ಲದಿದ್ದರೆ ಅದೇ ದಾರಿಯಲ್ಲಿ ನಡೆದು ಹೋಗಿ, ಮರಗಳೂ ಹತ್ತಿರದಿಂದ ಕಾಣುತ್ತವೆ.

ಸಾಂಟಾ ಜೊತೆ ಫೋಟೋ ಒಮ್ಮೆ ತೆಗೆಸಿದೆವು. ಅದಕ್ಕಾಗಿ ಮೂರು ಗಂಟೆ ಕಾರು ಓಡಿಸಬೇಕಿಲ್ಲ, ಮಾಲ್‌ನಲ್ಲೂ ಆಗುತ್ತದೆ.

ಬೆಂಕಿಯ ಹೊಂಡದ ಸುತ್ತ ಕೂತು ಮಾರ್ಷ್‌ಮ್ಯಾಲೋ ಸುಡುವುದು ಹಿತವಾಗಿರುತ್ತದೆ. ಆದರೆ ಸಸ್ಯಾಹಾರಿಗಳಿಗೆ ಒಂದು ಮಾತು: ಮಾಮೂಲಿ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರುತ್ತದೆ. ನಾವು ವೀಗನ್ ಪ್ಯಾಕೆಟ್ ಮನೆಯಿಂದಲೇ ಒಯ್ಯುತ್ತೇವೆ. ಕೇಳಿದರೆ ಅವರು ಬೇಡ ಅನ್ನುವುದಿಲ್ಲ.

ಈಗ ಮರ ಕಡಿಯುವ ವಿಷಯ. ಕೊಟ್ಟಿಗೆಯ ಪಕ್ಕದಲ್ಲಿ ಮೊದಲೇ ಕಡಿದ ಮರಗಳನ್ನೂ ನಿಲ್ಲಿಸಿರುತ್ತಾರೆ. ಸಮಯ ಇಲ್ಲದವರು ಅವನ್ನೇ ಒಯ್ಯಬಹುದು. ಆದರೆ ಅಷ್ಟು ದೂರ ಬಂದಮೇಲೆ ಗರಗಸ ಹಿಡಿಯದೆ ಹೋಗಬೇಡಿ. ಈ ತೋಟಕ್ಕೆ ಬರುವ ಮುಂಚೆ ಒಂದು ವರ್ಷ ಮನೆಯ ಹತ್ತಿರದ ಪಾರ್ಕಿಂಗ್ ಜಾಗದ ಅಂಗಡಿಯಿಂದ ಮರ ತಂದಿದ್ದೆವು. ಅದು ಎಂದು ಕಡಿದದ್ದೋ, ಹಬ್ಬಕ್ಕೆ ಮುಂಚೆಯೇ ಸೂಜಿ ಎಲೆಗಳೆಲ್ಲ ಉದುರಿ ಕಾರ್ಪೆಟ್ ತುಂಬಿತು. ಇಲ್ಲಿ ನಾವೇ ಕಡಿದ ಮರ ಸಂಕ್ರಾಂತಿಯವರೆಗೂ ಹಸಿರಾಗಿತ್ತು.

ತೋಟದವರು ಬಾಗಿದ ಹಿಡಿಯ ಗರಗಸ, ಅಳತೆ ಕೋಲು ಕೊಟ್ಟು ಕಳಿಸುತ್ತಾರೆ. ನೆಲದ ಮೇಲೆ ಮಲಗಿ ಬುಡ ಕೊಯ್ಯಬೇಕು, ಹಳೇ ಚಾಪೆಯೊಂದು ಇರಲಿ. ಒಬ್ಬರು ಮರವನ್ನು ಆಚೆಗೆ ಸ್ವಲ್ಪ ಬಾಗಿಸಿ ಹಿಡಿದರೆ ಗರಗಸ ಸಿಕ್ಕಿಕೊಳ್ಳುವುದಿಲ್ಲ. ಕಳೆದ ವರ್ಷ ತೋಟದ ಯಜಮಾನರೇ ಜೊತೆಗೆ ಬಂದರು. ಏಳಡಿ ಬೆಳೆಯಲು ಹತ್ತಿರ ಹತ್ತು ವರ್ಷ ಹಿಡಿಯುತ್ತದಂತೆ. ಪ್ರತಿ ಬೇಸಿಗೆಯಲ್ಲೂ ಒಂದೊಂದು ಮರವನ್ನೂ ಕೈಯಾರೆ ಸವರಿ ಆಕಾರ ಕೊಡಬೇಕಂತೆ. ಸುಮ್ನೆ ಬಿಟ್ಟರೆ ಅಂಗಡಿಯಲ್ಲಿ ಕಾಣುವ ಕೋನದ ಆಕಾರ ಬರುವುದಿಲ್ಲ. ಮಗಳು ತನಗಿಂತ ಹಿರಿಯ ಮರವನ್ನು ನೋಡಿ, ಗರಗಸ ಇಡುವ ಮುಂಚೆ ಅದನ್ನು ಒಮ್ಮೆ ಮುಟ್ಟಿದಳು. ಕಡಿದ ಬುಡದ ಪಕ್ಕದಲ್ಲೇ ವಸಂತದಲ್ಲಿ ಹೊಸ ಸಸಿ ನೆಡುತ್ತಾರೆ ಎಂದು ಅವರು ಹೇಳಿದ ಮೇಲೆ ಅವಳಿಗೆ ಸಮಾಧಾನ.

ಆಮೇಲೆ ಮರವನ್ನು ಅಲ್ಲಾಡಿಸುವ ಯಂತ್ರ, ಬಲೆ ಸುತ್ತುವ ಯಂತ್ರ. ಒಣ ಎಲೆಗಳೆಲ್ಲ ಉದುರಿ, ಅಗಲದ ಮರ ಸುತ್ತಿದ ಕೊಡೆಯ ಹಾಗೆ ಹೊರಗೆ ಬರುತ್ತದೆ. ಇದಕ್ಕೆ ಬೇರೆ ಟಿಕೆಟ್ ಇಲ್ಲ. ನಮ್ಮ ಮಕ್ಕಳು ಗಾಡಿಗಿಂತ ಜಾಸ್ತಿ ಖುಷಿಪಟ್ಟದ್ದು ಇಲ್ಲಿಯೇ. ಕಾರಿನ ಮೇಲೆ ಕಟ್ಟುವಾಗ ಬುಡ ಮುಂದಕ್ಕಿರಲಿ, ಗಾಳಿಗೆ ಕೊಂಬೆ ಮುರಿಯುವುದಿಲ್ಲ. ಮನೆಗೆ ಬಂದು ಬುಡವನ್ನು ಇನ್ನೊಂದು ಅರ್ಧ ಇಂಚು ಕೊಯ್ದು ನೀರಿಗೆ ಇಡಿ. ಮೊದಲ ದಿನ ಅದು ಮೂರು ನಾಲ್ಕು ಲೀಟರ್ ಕುಡಿದರೂ ಆಶ್ಚರ್ಯ ಇಲ್ಲ.

ಕೊನೆಗೆ ರೀತ್, ಅಂದರೆ ಬಾಗಿಲಿಗೆ ತೂಗುಹಾಕುವ ಸೊಪ್ಪಿನ ಬಳೆ. ಕೊಟ್ಟಿಗೆಯೊಳಗೆ ಒಂದು ಗಂಟೆಯ ಕಲಿಕೆ ಇರುತ್ತದೆ. ಮೊದಲೆರಡು ವರ್ಷ ಇದನ್ನು ಬಿಟ್ಟುಬಿಟ್ಟಿದ್ದೆವು. ಕಳೆದ ವರ್ಷ ತಿಪಟೂರಿನಿಂದ ಅಮ್ಮ ಬಂದಿದ್ದರು. ಮಂಡಿ ನೋವು, ಹೊರಗೆ ಚಳಿ, ಅದಕ್ಕೆ ಅವರನ್ನು ಒಳಗೆ ಕೂರಿಸೋಣ ಎಂದು ಹೆಸರು ಬರೆಸಿದೆ. ತಂತಿಯ ಬಳೆ, ತೆಳ್ಳಗಿನ ತಂತಿಯ ಉಂಡೆ, ಬುಟ್ಟಿ ತುಂಬ ಚಿಕ್ಕ ಕೊಂಬೆಗಳು. ನಾಲ್ಕೈದು ಕೊಂಬೆ ಸೇರಿಸಿ ಒಂದು ಹಿಡಿ ಮಾಡಿ, ಬಳೆಯ ಮೇಲಿಟ್ಟು ತಂತಿ ಸುತ್ತಬೇಕು. ಮುಂದಿನ ಹಿಡಿ ಹಿಂದಿನದರ ತೊಟ್ಟನ್ನು ಮುಚ್ಚಬೇಕು.

ಹೇಳಿಕೊಡುತ್ತಿದ್ದ ಹೆಂಗಸು ಇನ್ನೂ ಮೂರನೇ ಹಿಡಿ ತೋರಿಸುತ್ತಿದ್ದರು. ಅಮ್ಮ ಅಷ್ಟರಲ್ಲಿ ಕಾಲು ಭಾಗ ಮುಗಿಸಿದ್ದರು. "ಇದು ಹೂ ಕಟ್ಟಿದ ಹಾಗೇ ಅಲ್ವೇನೆ? ದಾರದ ಬದಲು ತಂತಿ ಅಷ್ಟೇ" ಅಂದರು. ಫ್ರೇಜರ್ ಎಲೆಯ ಮೇಲ್ಭಾಗ ಕಡು ಹಸಿರು, ಅಡಿಭಾಗ ಬೆಳ್ಳಿ ಬಣ್ಣ. ಅಮ್ಮ ಕನಕಾಂಬರದ ನಡುವೆ ಮಲ್ಲಿಗೆ ಸೇರಿಸುವ ಹಾಗೆ, ಎರಡು ಹಿಡಿ ಹಸಿರಿಗೆ ಒಂದು ಹಿಡಿ ಬೆಳ್ಳಿ ತಿರುಗಿಸಿ ಇಟ್ಟರು. ಆ ಹೆಂಗಸು ತಮ್ಮ ಬಳೆ ಬದಿಗಿಟ್ಟು ಅಮ್ಮನ ಪಕ್ಕ ಬಂದು ಕೂತರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಮಗಳು ನಡುವೆ ನಿಂತು ಎರಡೂ ಕಡೆ ಹೇಳುತ್ತಿದ್ದಳು. ಅಮೆರಿಕಕ್ಕೆ ಬಂದು ಎರಡು ತಿಂಗಳಾದರೂ ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಎರಡೇ ಗಂಟೆ ಇರುವವರಿಗೆ ನನ್ನ ಲೆಕ್ಕ ಇಷ್ಟು: ಮರಕ್ಕೆ ಒಂದು ಗಂಟೆ, ರೀತ್‌ಗೆ ಒಂದು ಗಂಟೆ. ಗಾಡಿ, ಸಾಂಟಾ ಬಿಡಿ. ಮೇಜಿನ ಸುತ್ತ ಜಾಗ ಕಡಿಮೆ, ಮೊದಲೇ ಫೋನ್ ಮಾಡಿ ಹೆಸರು ಬರೆಸಿ. ಡಿಸೆಂಬರ್ ಮೊದಲ ವಾರದ ಭಾನುವಾರ ಮಧ್ಯಾಹ್ನ ನಮಗೆ ಜನ ಕಡಿಮೆ ಕಂಡಿತು. ಕೈಗೆ ಅಂಟುವ ಮರದ ಅಂಟು ಸೋಪಿಗೆ ಬಿಡುವುದಿಲ್ಲ. ಅಮ್ಮ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿಕೊಂಡರು, ಚೆನ್ನಾಗಿ ಬಿಟ್ಟಿತು.