ಹದಿನೆಂಟು ಅಡಿ ಮೀನುಗಾರಿಕೆ ದೋಣಿಗೆ ಟ್ರೈಲರ್: ನಾಲ್ಕು ವರ್ಷ ಬಳಸಿದ ಮೇಲೆ

2021ರಲ್ಲಿ ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿ ನಮ್ಮ ಹದಿನೆಂಟು ಅಡಿ ಫೈಬರ್ ದೋಣಿಗೆಂದು ಒಂದೇ ಅಚ್ಚಿನ (ಆಕ್ಸಲ್) ಟ್ರೈಲರ್ ಮಾಡಿಸಿದೆ. ವರ್ಷವಿಡೀ ಕಬ್ಬಿನ ಟ್ರೈಲರ್ ಮಾಡುವ ಕೈಗಳಾದ್ದರಿಂದ ವೆಲ್ಡಿಂಗಿನ ಗಟ್ಟಿತನದ ಬಗ್ಗೆ ಇಂದಿಗೂ ನನ್ನ ದೂರಿಲ್ಲ. ಆದರೆ ಕಬ್ಬು ಟ್ರೈಲರಿನ ಉದ್ದಕ್ಕೂ ಸಮನಾಗಿ ಕೂರುವ ಸರಕು. ದೋಣಿಯ ಭಾರವೋ ಎಂಜಿನ್, ಪೆಟ್ರೋಲ್ ಟ್ಯಾಂಕ್, ಬಲೆಗಳೆಲ್ಲ ಸೇರಿ ಹಿಂಬದಿಯಲ್ಲೇ ಇರುತ್ತದೆ. ಈ ವ್ಯತ್ಯಾಸ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಜೀಪಿಗೆ ಕಟ್ಟಿಕೊಂಡು ಇಲವಾಲದ ಮೇಲೆ ಮೀನಾಕ್ಷಿಪುರದ ಬಳಿಯ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಮೊದಲ ಸಲ ಹೊರಟಾಗ, ಗಂಟೆಗೆ 50 ಕಿ.ಮೀ. ವೇಗ ದಾಟುತ್ತಿದ್ದಂತೆ ಟ್ರೈಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿ, ಬ್ರೇಕ್ ಒತ್ತಿದಾಗ ಜೀಪಿನ ಹಿಂಭಾಗವನ್ನೇ ಪಕ್ಕಕ್ಕೆ ತಳ್ಳಿತು. ಎತ್ತಿನಗಾಡಿ ಹೊಡೆದವರಿಗೆ ಇದು ಹೊಸದಲ್ಲ: ಹಿಂಭಾರವಾದರೆ ನೊಗ ಕಟ್ಟುವ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕತ್ತಿನ ಮೇಲೆ ನಿಲ್ಲುವುದಿಲ್ಲ. ಟ್ರೈಲರಿನಲ್ಲಿ ಒಟ್ಟು ತೂಕದ ಶೇ. 5ರಿಂದ 10ರಷ್ಟು ಜೀಪಿಗೆ ಸೇರುವ ಕೊಂಡಿಯ ಮೇಲೆ ಕೂರಬೇಕು.

ಅದನ್ನು ಅಳೆಯಲು ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ಸಾಕು. ಜೀಪಿನಿಂದ ಬಿಚ್ಚಿ, ಇಡೀ ಟ್ರೈಲರನ್ನು ದೋಣಿಸಮೇತ ನಿಲ್ಲಿಸಿದಾಗ 1,140 ಕೆ.ಜಿ. ಬಂತು, ಮತ್ತೆ ಜೀಪಿಗೆ ಕಟ್ಟಿ, ಟ್ರೈಲರಿನ ಚಕ್ರಗಳನ್ನಷ್ಟೇ ವೇಬ್ರಿಡ್ಜಿನ ಮೇಲೆ ಇರಿಸಿದಾಗ 1,120 ಬಂತು. ಅಂದರೆ ಕೊಂಡಿಯ ಮೇಲೆ ಬರೀ 20 ಕೆ.ಜಿ. ಅಚ್ಚನ್ನು ಬಿಚ್ಚಿಸಿ ಹತ್ತು ಅಂಗುಲ ಹಿಂದಕ್ಕೆ ಸರಿಸಿ ಕೂರಿಸಿದ ಮೇಲೆ ಕೊಂಡಿಯ ಭಾರ 80 ಕೆ.ಜಿ.ಗೆ ಏರಿತು, ಓಲಾಟ ನಿಂತಿತು. ಹೊಸದಾಗಿ ಮಾಡಿಸುವವರು ಅಚ್ಚನ್ನು ವೆಲ್ಡ್ ಮಾಡಿಸದೆ ಯು ಬೋಲ್ಟ್ ಹಾಕಿಸಿಕೊಂಡರೆ ಈ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನನಗೆ ಗ್ಯಾಸ್ ಕಟ್ಟರ್ ಬೇಕಾಯಿತು.

ಎರಡನೆಯ ತಪ್ಪು ದೋಣಿ ಕೂರುವ ಹಲಗೆಗಳದು. ಅವು ದೋಣಿಯ ಹಿಂಗಡೆಯ ಅಂಚಿಗೆ ಒಂದು ಅಡಿ ಮೊದಲೇ ಮುಗಿದಿದ್ದವು. ಎಂಜಿನ್ ತೂಗುವುದೇ ಆ ಅಂಚಿನಲ್ಲಾದ್ದರಿಂದ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆಯ ತುದಿ ತಾಗಿದ ಕಡೆ ತಳ ಬೆರಳಿಗೆ ಸಿಗುವಷ್ಟು ಒಳಕ್ಕೆ ತಗ್ಗಿತ್ತು. ಅಂಚಿನವರೆಗೂ ಹೋಗುವ ಹೊನ್ನೆ ಮರದ ಹಲಗೆ ಹಾಕಿಸಿ, ಮೇಲೆ ಹಳೆಯ ಕಾರ್ಪೆಟ್ ಸುತ್ತಿಸಿದೆ. ರೋಲರ್ ಹಾಕಿದರೆ ಇಳಿಸುವುದು ಸುಲಭವೆಂದು ಹಲವರು ಹೇಳುತ್ತಾರೆ, ನಿಜ; ಆದರೆ ಭಾರದ ದೋಣಿಯ ತೂಕವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುವುದನ್ನು ನಾನು ಒಪ್ಪುವುದಿಲ್ಲ.

ಬೇರಿಂಗಿನ ಪಾಠ ದುಬಾರಿಯಾಯಿತು. ದೂರ ಓಡಿ ಬಿಸಿಯಾದ ಹಬ್ಬನ್ನು (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಒಮ್ಮೆಲೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಎರಡನೆಯ ವರ್ಷ ಹಬ್ ಬಿಚ್ಚಿಸಿದಾಗ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಈಗ ದಡದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿದ ಮೇಲೆಯೇ ಇಳಿಸುತ್ತೇನೆ.

ನಮ್ಮದು ಸಿಹಿನೀರಾದ್ದರಿಂದ ಬಣ್ಣ ಹೊಡೆದ ಕಬ್ಬಿಣವೇ ಸಾಕಾಗಿದೆ; ದೋಣಿಯನ್ನು ಸಮುದ್ರಕ್ಕೂ ಇಳಿಸುವವರು ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸದೆ ವಿಧಿಯಿಲ್ಲ. ಬಾಕ್ಸ್ ಪೈಪಿನ ತಳಕ್ಕೆ ತೂತು ಕೊರೆಸಿ, ಒಳಗೆ ನಿಂತ ನೀರು ಸೋರಿಹೋಗುವಂತೆ ಮಾಡಿಸಬೇಕು.

ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿಯ ಪೂರ್ಣ ಮಟ್ಟದಲ್ಲಿದ್ದಾಗ ದೋಣಿ ಇಳಿಸುವುದು ಆಟದಷ್ಟು ಸಲೀಸು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರು ತೆರೆದುಕೊಂಡಾಗ ಜೀಪನ್ನು ಗಟ್ಟಿನೆಲದಲ್ಲೇ ಬಿಟ್ಟು, ಟ್ರ್ಯಾಕ್ಟರಿಗೆ ಉದ್ದನೆಯ ಹಗ್ಗ ಕಟ್ಟಿ ಟ್ರೈಲರನ್ನು ಮೆಲ್ಲಗೆ ಇಳಿಬಿಡಬೇಕಾಗುತ್ತದೆ. ನಾವು ಹೀಗೆ ಒದ್ದಾಡುವುದನ್ನು ನೋಡುತ್ತಿದ್ದ ತೆಪ್ಪದ ಹಿರಿಯರೊಬ್ಬರು, “ನಮ್ ತೆಪ್ಪವ ತಲೆ ಮ್ಯಾಲೆ ಹೊತ್ಕಂಡು ಓಯ್ತೀವಿ ಸ್ವಾಮಿ, ನಿಮ್ಗೆ ಇಷ್ಟೊಂದ್ ಕಬ್ಬಿಣ ಬೇಕಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬೇಸಿಗೆಯಲ್ಲಿ ಟೈರ್ ಬದಲಿಸಿದೆ. ಸವೆದದ್ದಕ್ಕಲ್ಲ, ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ಪಕ್ಕದಲ್ಲಿ ಬಿರುಕು ಬಿಟ್ಟದ್ದಕ್ಕೆ. ಟ್ರೈಲರಿಗೆ ತನ್ನದೇ ಬ್ರೇಕ್ ಇಲ್ಲದಿರುವುದೊಂದು ಕೊರತೆ ಹಾಗೆಯೇ ಉಳಿದಿದೆ. ಮುಂದಿನ ಸಲ ಅಚ್ಚು ಬಿಚ್ಚಿದಾಗ ಅದನ್ನು ಹಾಕಿಸುವವರೆಗೂ ಇಳಿಜಾರಿನಲ್ಲಿ ಎರಡನೇ ಗೇರ್ ಬಿಟ್ಟು ಮೇಲೆ ಹೋಗುವುದಿಲ್ಲ.