ಬಿಸಿಲಿನ ಹಕ್ಕಳೆಗೆ ವಿಟಮಿನ್: ಗುಳಿಗೆಯೋ, ಮುಲಾಮೋ?

ವರ್ಷಗಟ್ಟಲೆ ಬಿಸಿಲುಂಡ ಚರ್ಮದ ಮೇಲೆ ಏಳುವ ಒರಟು ಹಕ್ಕಳೆಗೆ ವೈದ್ಯರು ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಕೆಲವು ಆಗುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಔಷಧಿ ಅಂಗಡಿಗಳಲ್ಲಿ ಇದಕ್ಕೆಂದು ಜನ ಕೇಳಿ ಒಯ್ಯುವ ವಿಟಮಿನ್ ಔಷಧಿಗಳಲ್ಲಿ ದುಡ್ಡಿಗೆ ತಕ್ಕವು ಎರಡೇ. ಬಿ3 ಗುಳಿಗೆ ಹೊಸ ಹಕ್ಕಳೆ ಏಳುವುದನ್ನು ತುಸು ತಗ್ಗಿಸುತ್ತದೆ. ವಿಟಮಿನ್ ಡಿ ಜಾತಿಯ ಮುಲಾಮು, ಇನ್ನೊಂದು ಔಷಧಿಯ ಜೊತೆ ಸೇರಿದಾಗ, ಎದ್ದಿರುವುದನ್ನು ತೆಗೆಯುತ್ತದೆ. ಒಂದರ ಕೆಲಸ ಇನ್ನೊಂದರಿಂದ ಆಗದು.

ಕೊಳ್ಳುವ ಮೊದಲು ಇದು ಆ ಹಕ್ಕಳೆಯೇ ಎಂದು ಖಾತ್ರಿಯಾಗಬೇಕು. ನಮ್ಮ ಕಡೆಯ ಕಂದು ಚರ್ಮದಲ್ಲಿ ಇದು ಅಪರೂಪ. ಕೆನ್ನೆಯ ಮೇಲಿನ ಭಂಗು ಬೇರೆ, ಅದಕ್ಕೆ ಇಲ್ಲಿ ಹೇಳುವ ಯಾವ ಔಷಧಿಯೂ ಈ ಲೆಕ್ಕದಲ್ಲಿ ಬೇಡ. ನಿಜವಾಗಿ ಎಚ್ಚರ ಬೇಕಾದವರು ಹುಟ್ಟಿನಿಂದಲೇ ಮೈಬಣ್ಣವಿಲ್ಲದವರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧ ತಗ್ಗಿಸುವ ಗುಳಿಗೆ ತಿನ್ನುವವರು, ತೀರ ಬೆಳ್ಳಗಿದ್ದು ದಶಕಗಳ ಕಾಲ ಹೊಲದಲ್ಲಿ ದುಡಿದವರು. ಬೋಳುತಲೆ, ಕಿವಿಯ ಅಂಚು, ಮೂಗು, ಕೈಯ ಹಿಂಭಾಗ ಇದರ ಜಾಗ. ಮರಳು ಕಾಗದ ಮುಟ್ಟಿದಂತಿರುವುದರಿಂದ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಗುಳಿಗೆಯ ವಿಷಯ. ಬೇಕಾದದ್ದು ಬಿ3 ವಿಟಮಿನ್ನಿನ ಒಂದು ರೂಪವಾದ ನಿಕೋಟಿನಮೈಡ್, ದಿನಕ್ಕೆ ಎರಡು ಬಾರಿ 500 ಮಿ.ಗ್ರಾಂ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ 386 ಜನ ಇದ್ದರು. ಎಲ್ಲರಿಗೂ ಹಿಂದಿನ ಐದು ವರ್ಷದಲ್ಲಿ ಕನಿಷ್ಠ ಎರಡು ಚರ್ಮದ ಕ್ಯಾನ್ಸರ್ ಆಗಿದ್ದವು. ವರ್ಷದ ಕೊನೆಗೆ ಗುಳಿಗೆ ತಿಂದವರಲ್ಲಿ, ಔಷಧಿಯಿಲ್ಲದ ಹುಸಿ ಗುಳಿಗೆ ತಿಂದವರಿಗಿಂತ, ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಅಲ್ಲದ ಹೊಸ ಚರ್ಮದ ಕ್ಯಾನ್ಸರ್ ಸುಮಾರು 23%, ಹಕ್ಕಳೆ ಸುಮಾರು 13% ಕಡಿಮೆ ಇದ್ದವು. ಗುಳಿಗೆ ನಿಲ್ಲಿಸಿದ ಮೇಲೆ ಲಾಭ ಉಳಿಯಲಿಲ್ಲ. ಬಿಸಿಲು ಬಿದ್ದಾಗ ಜೀವಕೋಶದ ಶಕ್ತಿ ಕುಸಿದು, ಹಾಳಾದ ಡಿಎನ್‌ಎ ರಿಪೇರಿ ಹಿಂದೆ ಬೀಳುತ್ತದೆ. ಆ ಶಕ್ತಿಯನ್ನು ಈ ವಿಟಮಿನ್ ತುಂಬಿಕೊಡುತ್ತದೆ. ತಿನ್ನುವಷ್ಟು ದಿನ ಮಾತ್ರ ತುಂಬುತ್ತದೆ, ಅದಕ್ಕೇ ಈ ಮಿತಿ. ಅಂಗ ಕಸಿಯಾದವರ ಮೇಲೆ 2023ರಲ್ಲಿ ಬಂದ ಪರೀಕ್ಷೆಯಲ್ಲಂತೂ ಲಾಭವೇ ಕಾಣಲಿಲ್ಲ. ಅತಿ ಹೆಚ್ಚು ಅಪಾಯದಲ್ಲಿರುವವರು ಈ ಗುಳಿಗೆ ನಂಬಿ ಕೂತುಬಿಡಬಾರದು ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಅಂಗಡಿಯಲ್ಲಿ ಎಡವಟ್ಟಾಗುವುದು ಹೆಸರಿನಲ್ಲಿ. ನಯಾಸಿನ್, ಅಂದರೆ ನಿಕೋಟಿನಿಕ್ ಆಮ್ಲವೂ ಬಿ3 ತಾನೇ ಎಂದು ಕೊಟ್ಟುಬಿಡುತ್ತಾರೆ. ಅದನ್ನು ಇಷ್ಟು ಪ್ರಮಾಣದಲ್ಲಿ ನುಂಗಿದರೆ ಮುಖ, ಎದೆ ಕೆಂಪಗೆ ಕಾದು ಉರಿಯುತ್ತವೆ. ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲನ್ನು ಐದೈದು ನುಂಗಿ ಲೆಕ್ಕ ಸರಿಮಾಡುವುದೂ ತಪ್ಪು, ಬಿ6 ಅತಿಯಾಗಿ ನರಕ್ಕೆ ಪೆಟ್ಟಾಗಬಹುದು. ಮೊಡವೆಗೆಂದು ಸತು, ತಾಮ್ರ ಬೆರೆಸಿದ ಗುಳಿಗೆಗಳೂ ಇವೆ. ಸ್ಟ್ರಿಪ್ಪಿನ ಹಿಂದೆ ನಿಕೋಟಿನಮೈಡ್ ಒಂದೇ ಇದೆಯೇ ನೋಡಿ. ಲಿವರ್ ತೊಂದರೆ ಇದ್ದವರು ಕೇಳದೆ ಶುರು ಮಾಡಬೇಡಿ. ಇನ್ನೊಂದು ಮಾತು: ಜೋಳ ಉಣ್ಣುವ ದಖ್ಖನಿನಲ್ಲಿ ಬಿ3 ಕೊರತೆಯಿಂದ ಬಿಸಿಲು ತಾಕಿದ ಕಡೆ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ಹಿಂದೆ ಕಾಣುತ್ತಿತ್ತು, ಹೈದರಾಬಾದಿನ ಪೋಷಣಾ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ. ವಿಟಮಿನ್ ಅದೇ, ಕಾಯಿಲೆ ಬೇರೆ.

ವಿಟಮಿನ್ ಎ ಕ್ಯಾಪ್ಸೂಲ್ ದಿನಕ್ಕೆ 25,000 ಯೂನಿಟ್ ತಿಂದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್, ಅಂದರೆ ಈ ಹಕ್ಕಳೆ ಕೆಟ್ಟಾಗ ಆಗುವ ಚರ್ಮದ ಕ್ಯಾನ್ಸರ್, ಕಡಿಮೆಯಾದದ್ದು 1997ರ ಅಮೆರಿಕದ ಪರೀಕ್ಷೆಯಲ್ಲಿ ಕಂಡಿದೆ. ಆದರೂ ಬೇಡ. ಲಿವರಿಗೆ ಹೊರೆ, ಗರ್ಭಿಣಿಯಾದರೆ ಕೂಸಿಗೆ ಅಂಗದೋಷ. ದೇಹದೊಳಗೆ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಇನ್ನೂ ಬೇಡ: ಆಸ್ಟ್ರೇಲಿಯಾದ ನಾಂಬೌರ್ ಊರಿನ ಪರೀಕ್ಷೆಯಲ್ಲಿ ದಿನಾ 30 ಮಿ.ಗ್ರಾಂ ಕೊಟ್ಟರೂ ಉಪಯೋಗವಾಗಲಿಲ್ಲ. ಅದೇ ಪರೀಕ್ಷೆಯಲ್ಲಿ ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಗಡ್ಡೆಗಳು ಸುಮಾರು 40% ಇಳಿದವು.

ಹಚ್ಚುವವುಗಳಲ್ಲಿ ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಹೆಸರು ದೊಡ್ಡದು. ಅಮೆರಿಕದ 1,131 ಮಾಜಿ ಸೈನಿಕರ ಮೇಲೆ 0.1% ಕ್ರೀಮ್ ಪರೀಕ್ಷಿಸಿದಾಗ ಕ್ಯಾನ್ಸರೂ ತಗ್ಗಲಿಲ್ಲ, ಹಕ್ಕಳೆಯೂ ತಗ್ಗಲಿಲ್ಲ. ಸುಕ್ಕಿಗೆ ಒಳ್ಳೆಯದು, ಇದಕ್ಕಲ್ಲ. ನಿಕೋಟಿನಮೈಡ್ 1% ಜೆಲ್ ಸಣ್ಣದೊಂದು ಪರೀಕ್ಷೆಯಲ್ಲಿ 3 ತಿಂಗಳಿಗೆ ತುಸು ಮುಂದಿತ್ತು, 6 ತಿಂಗಳಿಗೆ ಆ ಅಂತರ ಉಳಿಯಲಿಲ್ಲ. ಹೀಗಾಗಿ ಸೀರಮ್ ಬಾಟಲಿಗೆ ಸುರಿಯುವ ದುಡ್ಡು ಈ ಕೆಲಸಕ್ಕೆ ವ್ಯರ್ಥ.

ಗೆದ್ದದ್ದು ಕ್ಯಾಲ್ಸಿಪೋಟ್ರಿಯಾಲ್, ಮೊದಲು ಹೇಳಿದ ವಿಟಮಿನ್ ಡಿ ಜಾತಿಯ ಮುಲಾಮು. ಸೋರಿಯಾಸಿಸ್‌ಗೆ ಕೊಡುವ ಈ 0.005% ಮುಲಾಮನ್ನು 5% ಫ್ಲೂರೋಯುರಾಸಿಲ್ ಎಂಬ, ಕೆಟ್ಟ ಕೋಶಗಳನ್ನು ಕೊಲ್ಲುವ ಕ್ರೀಮಿನ ಜೊತೆ ಸಮಭಾಗ ಬೆರೆಸಿ, ದಿನಕ್ಕೆರಡು ಬಾರಿ, ನಾಲ್ಕೇ ದಿನ ಹಚ್ಚುವುದು. 2017ರ ಪರೀಕ್ಷೆಯಲ್ಲಿ ಮುಖದ ಹಕ್ಕಳೆ ಸರಾಸರಿ 87.8% ಇಳಿದವು; ವ್ಯಾಸಲೀನ್ ಬೆರೆಸಿದ ಫ್ಲೂರೋಯುರಾಸಿಲ್‌ನಿಂದ ಇಳಿದದ್ದು 26.3% ಮಾತ್ರ. ಮೂರು ವರ್ಷದೊಳಗೆ ಮುಖ, ನೆತ್ತಿಯಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಕಂಡವರು 7%, ಇನ್ನೊಂದು ಗುಂಪಿನಲ್ಲಿ 28%. ಫ್ಲೂರೋಯುರಾಸಿಲ್ ಒಂದನ್ನೇ ಹಚ್ಚಿದರೆ ಎರಡರಿಂದ ನಾಲ್ಕು ವಾರ ಮುಖ ಸುಲಿದುಕೊಂಡಿರಬೇಕು. ನಾಲ್ಕು ದಿನಕ್ಕೆ ಮುಗಿಯುವುದೇ ಇದರ ದೊಡ್ಡ ಗುಣ. ಅರ್ಧಕ್ಕೆ ಬಿಡುವವರು ಕಡಿಮೆಯಾಗುತ್ತಾರೆ.

ಇಲ್ಲಿ ಕೆಡುವುದು ಎಲ್ಲಿ? ಅಂಗಡಿಯಲ್ಲಿ ಕ್ಯಾಲ್ಸಿಪೋಟ್ರಿಯಾಲ್ ಕೇಳಿದರೆ ಬೀಟಾಮೆಥಸೋನ್ ಸ್ಟಿರಾಯ್ಡ್ ಸೇರಿದ ಟ್ಯೂಬು ಕೈಗೆ ಬರಬಹುದು. ಕ್ಯಾಲ್ಸಿಪೋಟ್ರಿಯಾಲ್ ದೇಹದ ಟಿ-ಕೋಶಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು, ಹಕ್ಕಳೆಯ ಮೇಲೆ ಎಬ್ಬಿಸಿ ಕೆಲಸ ಮಾಡುತ್ತದೆ, ಸ್ಟಿರಾಯ್ಡ್ ಅವನ್ನೇ ಮಲಗಿಸುತ್ತದೆ. ಆದ್ದರಿಂದ ಒಂಟಿ ಕ್ಯಾಲ್ಸಿಪೋಟ್ರಿಯಾಲ್ ಬೇಕೆಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಫ್ಲೂರೋಯುರಾಸಿಲ್ ಟ್ಯೂಬಿನ ಮೇಲೆ 1% ಇದೆಯೋ 5% ಇದೆಯೋ ಓದಿ. ಹಕ್ಕಳೆಗೊಂದೊಂದು ಚುಕ್ಕಿ ಇಡದೆ ಆ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಕಣ್ಣು, ಮೂಗಿನ ಸಂದು, ತುಟಿ ಬಿಟ್ಟು. ಕೈಗವಸು ಹಾಕಿ, ಇಲ್ಲವೇ ಕೂಡಲೇ ಸೋಪಿನಿಂದ ಕೈ ತೊಳೆಯಿರಿ. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಕೆಂಪು, ಉರಿ ಏರುತ್ತದೆ. ಹೆದರಿ ಸ್ಟಿರಾಯ್ಡ್ ಹಚ್ಚಿದರೆ ಮಾಡಿದ್ದೆಲ್ಲ ನೀರುಪಾಲು. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇದು ನಿಷಿದ್ಧ. ನಾಯಿ, ಬೆಕ್ಕು ಟ್ಯೂಬು ಕಚ್ಚಿದರೆ, ಹಚ್ಚಿದ ಚರ್ಮ ನೆಕ್ಕಿದರೆ ಸಾಯಬಹುದು. ಹಸಿ ದ್ರಾಕ್ಷಿ ಒಣಗಿಸುವ ಬಿಸಿಲಿನ ದಿನಗಳಲ್ಲಿ ಶುರು ಮಾಡುವುದಕ್ಕಿಂತ ಮನೆಯೊಳಗೇ ಇರಬಹುದಾದ ಎರಡು ವಾರ ಹುಡುಕಿಕೊಳ್ಳುವುದು ಮೇಲು.

ಹಕ್ಕಳೆ ದಪ್ಪಗೆ ಗಟ್ಟಿಯಾದರೆ, ಮುಟ್ಟಿದರೆ ನೋವಾದರೆ, ರಕ್ತ ಬಂದರೆ, ಕೆಲವೇ ವಾರದಲ್ಲಿ ಬೆಳೆದರೆ ಯಾವ ವಿಟಮಿನ್ನೂ ಬೇಡ, ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷಿಸುವುದು) ಬೇಕು. ಕೆಳತುಟಿ ಸದಾ ಒಡೆದು ಬೆಳ್ಳಗಾಗಿದ್ದರೆ ಅದೂ ಹೀಗೇ, ತಂಬಾಕು ಅಗಿಯುವವರಿಗೆ ಇನ್ನಷ್ಟು ಬೇಗ. ಮೂರೂ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೂ, ನುಂಗಿದ ಗುಳಿಗೆಯ ಸ್ಟ್ರಿಪ್ಪುಗಳನ್ನೂ ಜೊತೆಗೆ ಒಯ್ಯಿರಿ.